ಹಳೆ ಮ್ಯಾಕನ್ನು ಮನೆಯ ಈಥರ್ನೆಟ್‌ಗೆ ಸೇರಿಸಿದ್ದು

ನನ್ನ ಹತ್ತಿರ ಆಪಲ್‌ನ ಹಳೆ ಕಂಪ್ಯೂಟರ್ ಮ್ಯಾಕಿಂಟಾಷ್ ಎಸ್‌ಇ ಒಂದಿದೆ. 1987ರಲ್ಲಿ ಬಂದ ಮಾಡೆಲ್. ಇವತ್ತಿನ ನೆಟ್‌ವರ್ಕ್ ಕೇಬಲ್ ಹಾಕುವ ಈಥರ್ನೆಟ್ ಪೋರ್ಟ್ ಇಲ್ಲ. ಹಿಂಬದಿಯಲ್ಲಿ ಪ್ರಿಂಟರ್ ಚಿತ್ರದ ಪಕ್ಕ ಎಂಟು ಪಿನ್ನಿನ ದುಂಡನೆ ಪೋರ್ಟ್ ಇದೆ, ಅದೇ ಲೋಕಲ್‌ಟಾಕ್‌ನ (ಹಳೆ ಮ್ಯಾಕ್‌ಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದ ಆಪಲ್ ನೆಟ್‌ವರ್ಕ್) ದಾರಿ. ವೇಗ ಸೆಕೆಂಡಿಗೆ 230.4 ಕಿಲೋಬಿಟ್. ಇದನ್ನು ಈಥರ್ನೆಟ್‌ಗೆ ಸೇರಿಸೋಕೆ ನಾನು ತರಿಸಿದ್ದು ಅಸಾಂಟೆಟಾಕ್ ಅನ್ನುವ ಪುಟ್ಟ ಬ್ರಿಡ್ಜ್, ಅಂದರೆ ಎರಡು ಬಗೆಯ ನೆಟ್‌ವರ್ಕನ್ನು ಬೆಸೆಯುವ ಡಬ್ಬಿ.

ಇದು ಸುಮ್ನೆ ಪಿನ್ ಬದಲಿಸುವ ಕನೆಕ್ಟರ್ ಅಲ್ಲ. ಎರಡು ಕಡೆಯ ವಿಳಾಸದ ಪದ್ಧತಿಯೇ ಬೇರೆ. ಲೋಕಲ್‌ಟಾಕ್‌ನಲ್ಲಿ ಮ್ಯಾಕ್ ತಾನೇ ಒಂದು ನಂಬರ್ ಆರಿಸಿಕೊಂಡು, ‘ಇದು ಯಾರದ್ದಾದ್ರೂ ಇದೆಯಾ?’ ಅಂತ ಲೈನಿನಲ್ಲಿ ಕೇಳುತ್ತದೆ. ಯಾರೂ ಉತ್ತರ ಕೊಡದಿದ್ದರೆ ಆ ನಂಬರ್ ಅದರದ್ದು. ಈ ನಂಬರ್ 8 ಬಿಟ್, ಈಥರ್ನೆಟ್ ವಿಳಾಸ 48 ಬಿಟ್. ಎರಡನ್ನೂ ಹೊಂದಿಸಿ, ಮ್ಯಾಕ್ ಪರವಾಗಿ ಆ ಕಡೆ ಮಾತಾಡುವುದು ಬ್ರಿಡ್ಜ್‌ನ ಕೆಲಸ. ಇಷ್ಟು ಚಿಕ್ಕ ಡಬ್ಬಿ ಇಷ್ಟೆಲ್ಲ ಮಾಡುತ್ತದಲ್ಲ ಅಂತ ನನಗೆ ಈಗಲೂ ಅದರ ಮೇಲೆ ಗೌರವ.

ಕೇಬಲ್ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಮ್ಯಾಕ್‌ನಿಂದ ಬ್ರಿಡ್ಜ್‌ವರೆಗೆ ನಾನು ಬಳಸಿದ್ದು ಫೋನ್‌ನೆಟ್ ಅಡಾಪ್ಟರ್. ಇದು ಮಾಮೂಲಿ ಟೆಲಿಫೋನ್ ವೈರಿನಲ್ಲೇ ಓಡುತ್ತದೆ. ಆದರೆ ಫೋನ್ ಬಳಸುವುದು ನಡುವಿನ ಎರಡು ತಂತಿ, ಫೋನ್‌ನೆಟ್ ಬಳಸುವುದು ಹೊರಗಿನ ಹಳದಿ–ಕಪ್ಪು ಜೋಡಿ. ನಮ್ಮಲ್ಲಿ ಸಿಗುವ ಫೋನ್ ವೈರ್‌ಗಳಲ್ಲಿ ಹೆಚ್ಚಿನವಕ್ಕೆ ಎರಡೇ ತಂತಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಪ್ಲಗ್ ಬೆಳಕಿಗೆ ಹಿಡಿದು, ನಾಲ್ಕು ತಾಮ್ರದ ಗೆರೆ ಕಂಡ ಮೇಲೇ ದುಡ್ಡು ಕೊಟ್ಟೆ. ಸಾಲಿನ ಎರಡೂ ತುದಿಯ ಖಾಲಿ ಸಾಕೆಟ್‌ಗೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ತುದಿಯಿಂದ ಮರಳಿ ಬಾರದಂತೆ ತಡೆಯುವ ರೆಸಿಸ್ಟರ್) ಹಾಕಬೇಕು, ಮರೀಬೇಡಿ.

ಈಥರ್ನೆಟ್ ಕಡೆ ಫೈಲ್ ಸರ್ವರ್‌ಗೆ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಮ್ಯಾಕ್‌ಗಳಿಗೆ ಫೈಲ್ ಹಂಚುವ ನೆಟಾಟಾಕ್ ಸಾಫ್ಟ್‌ವೇರ್. ಇದರ 3ನೇ ಆವೃತ್ತಿಯಲ್ಲಿ ಆಪಲ್‌ಟಾಕ್ (ಹಳೆ ಮ್ಯಾಕ್‌ಗಳು ನೆಟ್‌ವರ್ಕಿನಲ್ಲಿ ಮಾತಾಡುವ ಭಾಷೆ) ತೆಗೆದುಹಾಕಿದ್ದರು, 4ರಲ್ಲಿ ಮತ್ತೆ ಬಂತು. ಹಾಗಾಗಿ 2 ಅಥವಾ 4 ಬೇಕು. ಪೈಯನ್ನು ವೈಫೈ ಬಿಟ್ಟು ಕೇಬಲ್‌ನಲ್ಲೇ ಜೋಡಿಸಿ. ಎಷ್ಟೋ ವೈಫೈ ರೂಟರ್‌ಗಳು ಆಪಲ್‌ಟಾಕ್‌ನ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಹೋಗುವ) ಪ್ಯಾಕೆಟ್‌ಗಳನ್ನು ಮುಂದೆ ಕಳಿಸುವುದೇ ಇಲ್ಲ. ಬ್ರಿಡ್ಜ್‌ನ ಈಥರ್ನೆಟ್ ವೇಗ 10 ಮೆಗಾಬಿಟ್, ಅದನ್ನೂ ಪೈಯನ್ನೂ ಜೋಡಿಸುವ ಸ್ವಿಚ್ ಆ ವೇಗ ಒಪ್ಪುತ್ತದಾ ಅಂತಲೂ ನೋಡಿಕೊಳ್ಳಿ.

ಎಲ್ಲ ಜೋಡಿಸಿ ಮ್ಯಾಕ್‌ನಲ್ಲಿ ಪ್ರಿಂಟರ್, ಸರ್ವರ್ ಆರಿಸುವ ಚೂಸರ್ ತೆರೆದು, ಫೈಲ್ ಸರ್ವರ್‌ಗಳನ್ನು ತೋರಿಸುವ ಆಪಲ್‌ಶೇರ್ ಒತ್ತಿದೆ. ಬಲಗಡೆ ಪೈಯ ಹೆಸರು ಬಂತು! ಆ ಕಪ್ಪು-ಬಿಳುಪು ಪರದೆಯಲ್ಲಿ ಅದನ್ನು ನೋಡೋ ಖುಷಿಯೇ ಬೇರೆ. 1.4 ಎಂಬಿ ಫ್ಲಾಪಿಯಷ್ಟು ಡೇಟಾ ದಾಟೋಕೆ ಪೂರ್ತಿ ವೇಗ ಸಿಕ್ಕರೂ 50 ಸೆಕೆಂಡ್ ಬೇಕು, ನಿಜಕ್ಕೂ ಇನ್ನೂ ಜಾಸ್ತಿ. ಆದರೂ ಫ್ಲಾಪಿ ಹುಡುಕೋ ಪಾಡಿಲ್ಲ.

ಅಸಾಂಟೆಟಾಕ್ ಡಬ್ಬಿ ದಾಟಿಸುವುದು ಆಪಲ್‌ಟಾಕ್ ಮಾತ್ರ, ಇಂಟರ್ನೆಟ್‌ನ ಭಾಷೆಯಾದ ಐಪಿ ಅಲ್ಲ. ಇಂಟರ್ನೆಟ್ ಬೇಕಾದರೆ ಐಪಿ ಪ್ಯಾಕೆಟನ್ನು ಆಪಲ್‌ಟಾಕ್ ಒಳಗೆ ತುಂಬಿ ಕಳಿಸುವ ಮ್ಯಾಕ್‌ಐಪಿ ಬೇಕು. 80ರ ದಶಕದಲ್ಲಿ ಕೈನೆಟಿಕ್ಸ್ ಫಾಸ್ಟ್‌ಪಾತ್‌ನಂಥ ಗೇಟ್‌ವೇಗಳು ಆ ಕೆಲಸ ಮಾಡುತ್ತಿದ್ದವು. ನಾನು ಅದನ್ನೂ ಪೈಗೇ ವಹಿಸಿ, ಮ್ಯಾಕ್‌ನಲ್ಲಿ ಐಪಿ ಬಳಸೋಕೆ ಬೇಕಾದ ಮ್ಯಾಕ್‌ಟಿಸಿಪಿ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ.