ಜಿಮ್‌ಗೆ ಸೇರುವ ಮುನ್ನ ಒಂದು ನೋಟ್‌ಬುಕ್ ಕೊಳ್ಳಿ

ಬೊಜ್ಜು ಕರಗಬೇಕು, ಮೈ ಗಟ್ಟಿಯಾಗಬೇಕು. ಜಿಮ್‌ಗೆ ಸೇರುವ ಹೆಚ್ಚಿನವರ ಆಸೆ ಇದೇ ಅಲ್ವಾ? ಸೇರಿದ ಮೇಲೆ ಮಾಡುವುದೇನು? ನಲವತ್ತು ನಿಮಿಷ ಟ್ರೆಡ್‌ಮಿಲ್, ಆಮೇಲೆ ಖಾಲಿ ಸಿಕ್ಕ ಯಾವುದೋ ಮಷಿನ್, ಕೊನೆಗೆ ಹೊಟ್ಟೆ ಕರಗಲಿ ಅಂತ ನೂರು ಕ್ರಂಚಸ್. ಮೂರು ವಾರವಾದರೂ ತೂಕ ಇಳಿಯಲಿಲ್ಲ ಎಂದು ಬೇಸರ. ತಿಂಗಳು ತುಂಬುವಷ್ಟರಲ್ಲಿ ಶೂ ಮೂಲೆ ಸೇರಿರುತ್ತದೆ.

ಇವರನ್ನು ಸೋಮಾರಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಳೆದ ವಾರ ಎಷ್ಟು ಎತ್ತಿದ್ದೆ, ಇವತ್ತು ಎಷ್ಟು ಎತ್ತಬೇಕು ಅನ್ನುವ ಲೆಕ್ಕ ಅವರ ಕೈಲಿ ಇರುವುದಿಲ್ಲ, ಅಷ್ಟೇ. ನೋಟ್‌ಬುಕ್ ಬೇಕಾಗಿರುವುದು ಅದಕ್ಕೇ.

ಸೇರುವ ಮೊದಲು

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹಳೆಯ ಮಂಡಿ ನೋವು ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ತಪ್ಪಿಸಲೇಬಾರದು. ವ್ಯಾಯಾಮ ಮಾಡಿದಾಗ ಸಕ್ಕರೆ ತೀರಾ ಕೆಳಗೆ ಇಳಿಯಬಹುದು.

ದೂರದ ದೊಡ್ಡ ಜಿಮ್‌ಗಿಂತ ಪಕ್ಕದ ಬೀದಿಯ ಸಾಧಾರಣ ಜಿಮ್ ವಾಸಿ. ನೀವು ದಿನಾ ಹೋಗಬೇಕೆಂದಿರುವ ಹೊತ್ತಿಗೇ ಒಮ್ಮೆ ಹೋಗಿ ನೋಡಿ. ಡಂಬೆಲ್ ಕೈಗೆ ಸಿಗುತ್ತವಾ? ಟ್ರೈನರ್ ಹೊಸಬರ ಪಕ್ಕ ನಿಂತು ತಿದ್ದುತ್ತಾರಾ? ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಮೊದಲು ಒಂದು ತಿಂಗಳು ಸಾಕು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎರಡು ಅಂಕಿ ಬರೆಯಿರಿ. ಬೆಳಿಗ್ಗೆ ಖಾಲಿ ಹೊಟ್ಟೆಯ ತೂಕ ಮತ್ತು ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿದು ಅಳೆದ ಸುತ್ತಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರದ ಗಂಟೆ. ಎರಡರಲ್ಲಿ ಟೇಪನ್ನೇ ಜಾಸ್ತಿ ನಂಬಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಹೆಚ್ಚಾದರೂ ಮೈಯಲ್ಲಿ ನೀರು ನಿಂತು ತೂಕ ಒಂದು ಕಿಲೋ ಏರಿರುತ್ತದೆ. ಅದು ಬೊಜ್ಜಲ್ಲ.

ವಾರಕ್ಕೆ ಮೂರು ದಿನ, ಐದು ವ್ಯಾಯಾಮ

ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ದಿನ ಹಂಚುವ ಪಟ್ಟಿ ಹೊಸಬರಿಗೆ ಬೇಡ. ಸೋಮ, ಬುಧ, ಶುಕ್ರ ಮೂರೂ ದಿನ ಇಡೀ ಮೈಗೆ ಕೆಲಸ ಕೊಡಿ. ಡಂಬೆಲ್ ಹಿಡಿದು ಬಸ್ಕಿ, ಬೆಂಚಿನ ಮೇಲೆ ಮಲಗಿ ಡಂಬೆಲ್ಲನ್ನು ಎದೆಯಿಂದ ಮೇಲಕ್ಕೆ ತಳ್ಳುವ ಡಂಬೆಲ್ ಪ್ರೆಸ್, ಬೆನ್ನಿಗೆ ಮೇಲಿನ ಸರಳನ್ನು ಎದೆಯತ್ತ ಎಳೆಯುವ ಲ್ಯಾಟ್ ಪುಲ್‌ಡೌನ್, ತೊಡೆಯ ಹಿಂಭಾಗಕ್ಕೆ ರೊಮೇನಿಯನ್ ಡೆಡ್‌ಲಿಫ್ಟ್, ಕೊನೆಗೆ ಮುಂಗೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್. ಮೊದಲು ಐದು ನಿಮಿಷ ನಡಿಗೆ, ಆಮೇಲೆ ತೂಕವಿಲ್ಲದೆ ಹತ್ತು ಬಸ್ಕಿ. ವಾರ್ಮ್ ಅಪ್ ಇಷ್ಟು ಸಾಕು.

ಬಸ್ಕಿ ನಮಗೆ ಹೊಸದಲ್ಲ. ಮೈಸೂರಿನ ಗರಡಿ ಮನೆಗಳ ಸಾಮಿನಲ್ಲಿ ದಂಡ, ಬಸ್ಕಿ ಎರಡೂ ಉಂಟು. ಜಿಮ್‌ನಲ್ಲಿ ಅದನ್ನೇ ಗಾಬ್ಲೆಟ್ ಸ್ಕ್ವಾಟ್ ಅಂತ ಮಾಡಿಸುತ್ತಾರೆ. ಡಂಬೆಲ್ಲನ್ನು ನಿಲ್ಲಿಸಿ, ಮೇಲಿನ ತುದಿಯನ್ನು ಎರಡೂ ಅಂಗೈಯಲ್ಲಿ ಆನಿಸಿ ಎದೆಗೆ ಒತ್ತಿ ಹಿಡಿಯಿರಿ. ಕಾಲು ಭುಜದಷ್ಟು ಅಗಲ. ಚಿಕ್ಕ ಮಣೆಯ ಮೇಲೆ ಕೂರುವವರ ಹಾಗೆ ನಿಧಾನವಾಗಿ ಇಳಿಯಿರಿ. ಮಂಡಿ ಒಳಕ್ಕೆ ಬೀಳದೆ ಕಾಲ್ಬೆರಳಿನ ದಿಕ್ಕಿಗೇ ಹೋಗಬೇಕು. ಹಿಮ್ಮಡಿ ನೆಲ ಬಿಡಬಾರದು.

ಹೆಚ್ಚಿನವರು ತಪ್ಪುವುದು ಡೆಡ್‌ಲಿಫ್ಟ್‌ನಲ್ಲಿ. ಎರಡೂ ಕೈಯಲ್ಲಿ ತರಕಾರಿ ಚೀಲ ಇದ್ದಾಗ ಬಾಗಿಲನ್ನು ಹೇಗೆ ಹಾಕುತ್ತೀರಿ? ಹಿಂಬದಿಯಿಂದ ತಳ್ಳುತ್ತೀರಿ ತಾನೇ? ಇಲ್ಲಿಯೂ ಹಾಗೆಯೇ. ಮಂಡಿ ಸ್ವಲ್ಪ ಸಡಿಲ, ಬೆನ್ನು ನೆಟ್ಟಗೆ, ಸೊಂಟ ಹಿಂದಕ್ಕೆ. ಡಂಬೆಲ್ ತೊಡೆಗೆ ತಾಗಿಕೊಂಡೇ ಕೆಳಗೆ ಜಾರಬೇಕು. ತೊಡೆಯ ಹಿಂದೆ ಬಿಗಿ ಎನ್ನಿಸಿದರೆ ಸರಿಯಾಗಿದೆ. ಸೊಂಟ ನೋಯುತ್ತಿದೆಯಾ? ಅಲ್ಲಿಗೇ ನಿಲ್ಲಿಸಿ, ಟ್ರೈನರನ್ನು ಕರೆದು ಪಕ್ಕದಿಂದ ನೋಡಲು ಹೇಳಿ.

ನಾನು ಮೊದಲ ಸಲ ಜಿಮ್‌ಗೆ ಹೋದ ದಿನವೇ ಅಲ್ಲಿನ ಟ್ರೈನರ್ ಕಾಲಿಗೆ ಆರು ಮಷಿನ್ ಮಾಡಿಸಿದರು. ನಾಲ್ಕು ದಿನ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ನೋವು ಬಂದರೆ ಒಳ್ಳೆಯದು ಎಂದು ಅವರು ಹೇಳಿದ್ದು ತಪ್ಪು. ಮೊದಲ ವಾರ ಪ್ರತಿ ವ್ಯಾಯಾಮ ಎರಡೇ ಸೆಟ್, ಸೆಟ್ಟಿಗೆ ಹತ್ತು ಸಲ. ಇನ್ನೂ ಎರಡು ಮೂರು ಸಲ ಎತ್ತಬಲ್ಲೆ ಎನ್ನುವಾಗಲೇ ಡಂಬೆಲ್ ಇಳಿಸಿ. ಪ್ಲ್ಯಾಂಕ್ ಇಪ್ಪತ್ತು ಸೆಕೆಂಡ್ ಸಾಕು. ಎರಡನೇ ದಿನ ಮೈಕೈ ಹಿಡಿದುಕೊಂಡಂತೆ ಆಗುವುದು ಸಹಜ, ತಾನಾಗಿಯೇ ಹೋಗುತ್ತದೆ. ಆದರೆ ಮೈ ಊದಿಕೊಂಡು ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಎರಡನೇ ವಾರದಿಂದ ಮೂರು ಸೆಟ್. ನಡುವೆ ಎರಡು ನಿಮಿಷ ವಿರಾಮ. ಆ ವಿರಾಮದಲ್ಲೇ ಬರೆಯಿರಿ: ‘ಬಸ್ಕಿ, 10 ಕೆ.ಜಿ.: 10, 10, 8.’ ಮುಂದಿನ ಸಲ ಆ 8 ಅನ್ನು 9 ಮಾಡುವುದೇ ನಿಮ್ಮ ಕೆಲಸ. ಹೀಗೆ ಮೂರೂ ಸೆಟ್‌ನಲ್ಲಿ 12 ಮುಟ್ಟಿದ ದಿನ 12.5 ಕೆ.ಜಿ. ಡಂಬೆಲ್ ಎತ್ತಿಕೊಳ್ಳಿ, ಮತ್ತೆ 8ರಿಂದಲೋ 9ರಿಂದಲೋ ಮೇಲಕ್ಕೆ ಬನ್ನಿ. ಹೊರೆ ಹೀಗೆ ಚೂರುಚೂರೇ ಏರುತ್ತಿದ್ದರೆ ಮಾತ್ರ ಮಸಲ್ ಬೆಳೆಯುತ್ತದೆ. ಅದೇ 5 ಕೆ.ಜಿ. ಡಂಬೆಲ್ಲನ್ನು ಆರು ತಿಂಗಳು ಎತ್ತಿದರೆ ಮೈ ಬದಲಾಗಲು ಕಾರಣವೇ ಇರುವುದಿಲ್ಲ.

ತೂಕ ಎತ್ತಿದರೆ ಗಂಡಸರ ಹಾಗೆ ತೋಳು ಬರುತ್ತದೆ ಎಂದು ಹೆದರುವ ಹೆಂಗಸರು ಈಗಲೂ ತುಂಬಾ ಇದ್ದಾರೆ. ದಯವಿಟ್ಟು ಆ ಹೆದರಿಕೆ ಬಿಡಿ. ಮಸಲ್ ಬೆಳೆಸುವ ಟೆಸ್ಟೊಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ತುಂಬಾ ಕಡಿಮೆ, ಹಾಗೆ ಸುಮ್ನೆ ಬರುವುದಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ತೂಕ ಎತ್ತುವ ಅಭ್ಯಾಸ ಆಗ ತುಂಬಾ ನೆರವಿಗೆ ಬರುತ್ತದೆ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಂದೇ ನಾನು ಹೇಳುತ್ತೇನೆ.

ತಟ್ಟೆಯ ಲೆಕ್ಕ

ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚಾಗುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ಹಾಗಾಗಿ ಬೊಜ್ಜು ಕರಗುವ ದಾರಿ ಅಡುಗೆಮನೆಯಿಂದ ಶುರು. ಈಗ ತಿನ್ನುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಮಾಡಿ. ಅನ್ನ ಬಿಡಬೇಕಿಲ್ಲ. ಒಂದು ಹಿಡಿ ಅನ್ನ, ಸಂಜೆಯ ಬಜ್ಜಿ, ಎರಡನೇ ಸಲದ ಕಾಫಿಯ ಸಕ್ಕರೆ ಇಷ್ಟು ಕಳೆದರೆ ಸಾಕಾಗಬಹುದು. 80 ಕೆ.ಜಿ. ಇರುವವರು ವಾರಕ್ಕೆ 400 ಗ್ರಾಂ ಇಳಿದರೂ ಒಳ್ಳೆಯದೇ. ಉಪವಾಸ ಬಿದ್ದು ಇಳಿಸಿದರೆ ಬೊಜ್ಜಿನ ಜೊತೆ ಮಸಲ್ ಕೂಡ ಕರಗುತ್ತದೆ.

ನಮ್ಮ ಊಟದಲ್ಲಿ ಕೊರತೆ ಇರುವುದು ಪ್ರೊಟೀನಿನದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ಜನರಿಗೆ ಹೇಳುವುದು ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ. ತೂಕ ಎತ್ತುವವರಿಗೆ 1.2ರಿಂದ 1.6 ಗ್ರಾಂ ಬೇಕು. 70 ಕೆ.ಜಿ. ಇರುವವರಿಗೆ 84ರಿಂದ 112 ಗ್ರಾಂ ಅಂತಾಯಿತು. ಮೂರು ಇಡ್ಲಿ, ಚಟ್ನಿಯಲ್ಲಿ ಸಿಗುವುದು ಹೆಚ್ಚುಕಡಿಮೆ 8 ಗ್ರಾಂ. ಅದರ ಜೊತೆ ಎರಡು ಮೊಟ್ಟೆ ಬೇಯಿಸಿಕೊಂಡರೆ 20. ಮಧ್ಯಾಹ್ನ ಮುದ್ದೆಯೋ ಅನ್ನವೋ, ಜೊತೆಗೆ 50 ಗ್ರಾಂ (ಬೇಯಿಸುವ ಮೊದಲಿನ ತೂಕ) ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು ಸೇರಿ ಸುಮಾರು 25. ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು: 15. ರಾತ್ರಿ ಎರಡು ಚಪಾತಿಗೆ 50 ಗ್ರಾಂ ಒಣ ಸೋಯಾ ಚಂಕ್ಸ್ ಪಲ್ಯ: 32. ಒಟ್ಟು 92. ಮೊಟ್ಟೆ ತಿನ್ನದವರು 100 ಗ್ರಾಂ ಪನ್ನೀರ್ ಹಾಕಿಕೊಳ್ಳಬಹುದು. ಅದರಲ್ಲಿ ಸುಮಾರು 18 ಗ್ರಾಂ ಪ್ರೊಟೀನ್ ಇದೆ, ಕೊಬ್ಬೂ ಇದೆ. ಕಿಡ್ನಿ ತೊಂದರೆ ಇರುವವರು ಈ ಲೆಕ್ಕವನ್ನು ಡಾಕ್ಟರ ಬಳಿಯೇ ಮಾಡಿಸಿಕೊಳ್ಳಿ.

ಡಬ್ಬಿಯ ಪ್ರೊಟೀನ್ ಪುಡಿ ಕಡ್ಡಾಯವೇನಲ್ಲ. ಕೊಂಡರೆ ಡಬ್ಬಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ಬೇಗ ಬಾಡಿ ಬರುತ್ತದೆ ಎಂದು ಯಾರಾದರೂ ಇಂಜೆಕ್ಷನ್ ಕೊಡಲು ಬಂದರೆ ಆ ಜಿಮ್ಮನ್ನೇ ಬಿಟ್ಟುಬಿಡಿ.

ಉಳಿದ ನಾಲ್ಕು ದಿನ

ಅರ್ಧ ಗಂಟೆ ನಡೆಯಿರಿ. ಏಳೆಂಟು ಗಂಟೆ ನಿದ್ದೆ ಮಾಡಿ. ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿದು ಅಂಕಿ ಬರೆಯಿರಿ. ತೂಕ ನಿಂತಲ್ಲೇ ನಿಂತು ಸುತ್ತಳತೆ ಇಳಿಯುತ್ತಿದ್ದರೆ ಬೊಜ್ಜು ಹೋಗಿ ಮಸಲ್ ಬರುತ್ತಿದೆ ಎಂದರ್ಥ. ಹೊಸಬರಲ್ಲಿ ಇವೆರಡೂ ಒಟ್ಟಿಗೇ ನಡೆಯುತ್ತವೆ. ಒಂದು ತಿಂಗಳು ತೂಕ, ಸುತ್ತಳತೆ ಎರಡೂ ಅಲುಗದಿದ್ದರೆ ತಟ್ಟೆಯಿಂದ ಇನ್ನೊಂದು ಹಿಡಿ ಅನ್ನ ತೆಗೆಯಿರಿ.

ಹಬ್ಬ, ಮದುವೆ, ಜ್ವರ ಅಂತ ತಪ್ಪುವುದು ಇದ್ದೇ ಇದೆ. ಒಂದು ವಾರ ತಪ್ಪಿದರೆ ನೋಟ್‌ಬುಕ್ಕಿನ ಕೊನೆಯ ಸಾಲಿನಿಂದಲೇ ಮುಂದುವರಿಸಿ. ಎರಡು ಮೂರು ವಾರ ತಪ್ಪಿದರೆ ಪ್ರತಿ ಡಂಬೆಲ್‌ನಲ್ಲೂ ಒಂದು ಅಳತೆ ಕೆಳಗಿಳಿದು, ಎರಡೇ ಸೆಟ್‌ನಿಂದ ಶುರು ಮಾಡಿ.