ಕಟವಾಯಿಯ ಸೀಳು: ನನ್ನ ಕಿರಿಯರಿಗೆ ಹೇಳುವ ಕ್ರಮ

ಹುಟ್ಟಿನಿಂದಲೇ ಬರುವ ಮುಖದ ಅಪರೂಪದ ಸೀಳುಗಳಿಗೆ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಟೆಸಿಯೆ 1976ರಲ್ಲಿ ಕಣ್ಣುಗೂಡನ್ನು ನಡುವಿಟ್ಟು 0ಯಿಂದ 14ರವರೆಗೆ ಸಂಖ್ಯೆ ಕೊಟ್ಟರು. ನಾನು ಮೊದಲು ಕಲಿಸುವುದು 7ನೆಯದನ್ನು: ಕಟವಾಯಿಯಿಂದ ಕಿವಿಯತ್ತ ಸಾಗುವ ಸೀಳು.

ತುಟಿ ನೋಡುವ ಮೊದಲು ಕಿವಿ ನೋಡಿ, ಈ ಸೀಳಿನ ಜೊತೆ ಕಿವಿ, ದವಡೆಯ ದೋಷವೂ ಇರಬಹುದು. ಕಿವಿ ಮುಂದೆ ಚರ್ಮದ ಗಂಟಿದೆಯೇ, ದವಡೆ ಒಂದು ಕಡೆ ಚಿಕ್ಕದೇ? ಶ್ರವಣ ಪರೀಕ್ಷೆ ಮಾಡಿಸಿ. ದವಡೆ ಚಿಕ್ಕದಿದ್ದರೆ ಉಸಿರುನಾಳಕ್ಕೆ ಕೊಳವೆ ಹಾಕುವುದು ಕಷ್ಟವಾಗಬಹುದು, ಅರಿವಳಿಕೆ ತಜ್ಞರಿಗೆ ಮುಂಚೆಯೇ ತಿಳಿಸಿ.

ಗುರುತು ಹಾಕುವುದೇ ಅರ್ಧ ಶಸ್ತ್ರಚಿಕಿತ್ಸೆ. ಮೇಲ್ದುಟಿಯ ನಡುವಿನಿಂದ ಸರಿಯಿರುವ ಕಟವಾಯಿಗೆ ಕ್ಯಾಲಿಪರ್ (ಅಳತೆಯ ಕೈವಾರ) ಹಿಡಿದು ಅಳೆಯಿರಿ, ಅದೇ ಅಳತೆಯನ್ನು ಸೀಳಿನ ಕಡೆ ಇಡಿ. ಇದೆಲ್ಲ ತುಟಿಗೆ ಕೊಡುವ ಚುಚ್ಚುಮದ್ದಿಗೆ ಮುನ್ನ. ಆಮೇಲೆ ತುಟಿ ಊದಿಕೊಂಡು ಅಳತೆ ಸುಳ್ಳು ಹೇಳುತ್ತದೆ. ಎರಡೂ ಕಡೆ ಸೀಳಿದ್ದರೆ ಕಣ್ಣಪಾಪೆಯ ನೇರಕ್ಕೆ ಗೆರೆ ಇಳಿಸಿ ಅಂದಾಜಿಸಬೇಕು.

ಹೊಲಿಯುವಾಗ ಬಾಯಿಯ ಒಳಪೊರೆ ಮೊದಲು, ಸ್ನಾಯು ಆಮೇಲೆ, ಚರ್ಮ ಕೊನೆಗೆ. ಅವಸರದವರು ಸ್ನಾಯುವನ್ನೇ ಮರೆಯುತ್ತಾರೆ! ಮಗು ಮಲಗಿದಾಗ ಮುಖ ಚೆನ್ನ, ನಕ್ಕಾಗ ಬಾಯಿ ಒಂದು ಕಡೆ ಜಗ್ಗುತ್ತದೆ. ಬಾಯಿಸುತ್ತಿನ ಸ್ನಾಯುವಿನ ಮೇಲಿನ ತುದಿಯನ್ನು ಕೆಳಗಿನದರ ಮೇಲೆ ಹಾಸಿ ಹೊಲಿಯಿರಿ. ಕೆನ್ನೆಯಲ್ಲಿ ಮುಖದ ನರ, ಜೊಲ್ಲಿನ ನಾಳ ಇವೆ, ಆಳಕ್ಕೆ ಇಳಿಯಬೇಡಿ. ಉದ್ದ ಸೀಳಿನ ಚರ್ಮಕ್ಕೆ ನನ್ನ ಆಯ್ಕೆ ಝಡ್ ಪ್ಲಾಸ್ಟಿ, ಅಂದರೆ ಚರ್ಮವನ್ನು Z ಆಕಾರದಲ್ಲಿ ಕತ್ತರಿಸಿ ತುಂಡುಗಳನ್ನು ಅದಲುಬದಲು ಮಾಡಿ ಹೊಲಿಯುವುದು. ನೇರ ಗಾಯದ ಗುರುತು ಕುಗ್ಗಿ ಕಟವಾಯಿಯನ್ನು ಎಳೆಯಬಹುದು.

ತುಟಿಯಿಂದ ಕಣ್ಣಿನತ್ತ ಸಾಗುವ 3, 4ನೆಯ ಸೀಳು ಬಂದರೆ ಈ ಕ್ರಮ ಸಾಲದು. ಕೆಳರೆಪ್ಪೆ ಸೀಳಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗುತ್ತಿರುತ್ತದೆ. ಅಂದೇ ಮುಲಾಮು ಹಚ್ಚಿಸಿ, ಕಣ್ಣಿನ ತಜ್ಞರನ್ನು ಕರೆಸಿ, ತುಟಿ ಕಾಯುತ್ತದೆ.