ಕೊರಿಯಾದ ಸೇನಾ ನೆಲೆಗೆ ದೀಪಾವಳಿ ಚಕ್ಕುಲಿ: ನನ್ನ ಅನುಭವ

ತಂಗಿಯ ಮಗ ಅಮೆರಿಕದ ಸೇನೆಯಲ್ಲಿದ್ದಾನೆ, ಈಗ ದಕ್ಷಿಣ ಕೊರಿಯಾದಲ್ಲಿ. ಚಕ್ಕುಲಿ ಕಳಿಸೋಣ ಅಂದರೆ ಇಲ್ಲಿ ಅಮೆರಿಕದ ಖಾಸಗಿ ಕೊರಿಯರ್‌ನವರು ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸ ನೋಡಿ ಆಗಲ್ಲ ಅಂದರು. ಅದಕ್ಕೆ ಸರ್ಕಾರಿ ಅಂಚೆ ಯುಎಸ್‌ಪಿಎಸ್ಸೇ ಗತಿ.

ವಿಳಾಸದಲ್ಲಿ ಕೊರಿಯಾ ಅಂತ ಬರೆಯಲೇಬಾರದು. ಬರೆದರೆ ಡಬ್ಬ ಅಲ್ಲಿನ ಮಾಮೂಲಿ ಅಂಚೆಗೆ ಸೇರಿಬಿಡಬಹುದು. ಹೆಸರು, ಯೂನಿಟ್, ಊರಿನ ಜಾಗದಲ್ಲಿ ಎಪಿಒ, ರಾಜ್ಯದ ಜಾಗದಲ್ಲಿ ಎಪಿ (ಪೆಸಿಫಿಕ್ ಭಾಗದ ಸೇನೆ ಅಂತ), ಆಮೇಲೆ 96ರಿಂದ ಶುರುವಾಗುವ ಜಿಪ್, ಅಂದರೆ ಅಲ್ಲಿನ ಪಿನ್‌ಕೋಡ್. ಅಷ್ಟೇ. ಯುರೋಪಿನಲ್ಲಿರುವವರಿಗಾದರೆ ಎಇ.

ಫ್ಲಾಟ್ ರೇಟ್ ಡಬ್ಬ ತಗೊಂಡೆ. 70 ಪೌಂಡ್‌ವರೆಗೆ ಒಂದೇ ದರ, ಅದೂ ದೇಶದೊಳಗಿನ ದರ! ಆದರೂ ಕಸ್ಟಮ್ಸ್ ಫಾರಂ ಬೇಕಂತೆ, ವಿಚಿತ್ರ ಅಲ್ವಾ? ಸುಮ್ನೆ ‘ತಿಂಡಿ’ ಅಂದರೆ ಸಾಲದು. ಅಕ್ಕಿಹಿಟ್ಟಿನ ಚಕ್ಕುಲಿ, ತೂಕ, ಬೆಲೆ ಎಲ್ಲ ತುಂಬಿದೆ.

ಕ್ರಿಸ್ಮಸ್‌ಗೆ ಅಂಚೆಯವರೇ ಕೊನೆಯ ದಿನಾಂಕ ಪ್ರಕಟಿಸುತ್ತಾರೆ. ನಮ್ಮ ಹಬ್ಬಕ್ಕೆ ಯಾರು ಹೇಳಬೇಕು? ತಿಂಗಳು ಮೊದಲೇ ಹಾಕಿದೆ. ನರಕ ಚತುರ್ದಶಿಗೆ ಮುಂಚೆಯೇ ಅವನ ಕೈ ಸೇರಿತು.